ಎಷ್ಟು ಪರೀಕ್ಷೆ ಪಾಸಾದ್ರೆ ವಕೀಲರಾಗಬಹುದು? ಕಾರ್ನೇಲಿಯಾ ಸೊರಾಬ್ಜಿ ಅವರ ಕಥೆ

ಸೆಮ್ ಎಕ್ಸಾಮ್ ಮುಗಿದ ಮೇಲೆ ಕ್ಯಾಂಟೀನ್‌ನಲ್ಲಿ ಕೂತು ಪೇಪರ್ ಬೈಯೋದು ನಮ್ಮೆಲ್ಲರ ಹಳೇ ಅಭ್ಯಾಸ. ಈ ಸಲ ಹಾಗೇ ಬೈತಾ ಕೂತಿದ್ದಾಗ ನಮ್ಮ ಗೆಳತಿಯೊಬ್ಬಳು ಸುಮ್ಮನೆ ಟೀ ಕುಡೀತಿದ್ದಳು. ಏನಾಯ್ತು ಅಂತ ಕೇಳಿದಾಗ ಅವಳ ಅಕ್ಕನ ವಿಷಯ ಬಂತು. ಅಕ್ಕ ಇಂಗ್ಲೆಂಡಿನಲ್ಲಿ ಲಾ ಓದಿ ಡಿಗ್ರಿ ತಗೊಂಡು ಬಂದಿದ್ದಾರೆ. ಆದ್ರೆ ಆ ಡಿಗ್ರಿ ಹಿಡ್ಕೊಂಡು ನೇರವಾಗಿ ಇಲ್ಲಿ ಕೋರ್ಟಿಗೆ ಹೋಗೋಕೆ ಆಗಲ್ಲ. ಬಾರ್ ಕೌನ್ಸಿಲ್ ನಡೆಸೋ ಅರ್ಹತಾ ಪರೀಕ್ಷೆ ಪಾಸಾಗಬೇಕು, ಆಮೇಲೆ ಎನ್‌ರೋಲ್ ಆಗಬೇಕು, ಅದಾದ ಮೇಲೆ ಎಲ್ಲ ಹೊಸ ವಕೀಲರ ಥರ ಇನ್ನೊಂದು ಪರೀಕ್ಷೆ. ಹಾಗಾಗಿ ಅಕ್ಕ ಮತ್ತೆ ಮೊದಲಿಂದ ಪುಸ್ತಕ ಹಿಡಿದು ಮನೇಲಿ ಕೂತಿದ್ದಾರೆ.

ಇದು ಸರಿಯಾ ತಪ್ಪಾ ಅಂತ ಆವತ್ತು ನಮ್ಮ ನಡುವೆ ದೊಡ್ಡ ಚರ್ಚೆಯೇ ಆಯ್ತು. ಅದೇ ಗುಂಗಿನಲ್ಲಿ ಹುಡುಕುತ್ತಾ ಹೋದಾಗ ಸಿಕ್ಕವರು ಕಾರ್ನೇಲಿಯಾ ಸೊರಾಬ್ಜಿ. 2017ರ ನವೆಂಬರ್ 15ರಂದು ಗೂಗಲ್ ಡೂಡಲ್‌ನಲ್ಲಿ ಬಂದಿದ್ದರು. ನಾವು ಆಗ ಸ್ಕೂಲಿನಲ್ಲಿದ್ದೆವು, ನೋಡಿ ಮರೆತಿದ್ದೆವು. ಈಗ ಪೂರ್ತಿ ಓದಿದ ಮೇಲೆ ನಿಮಗೂ ಹೇಳಬೇಕು ಅನ್ನಿಸಿತು.

ಕಾರ್ನೇಲಿಯಾ ಹುಟ್ಟಿದ್ದು 1866ರಲ್ಲಿ, ನಾಸಿಕ್‌ನಲ್ಲಿ. ಅಪ್ಪ ಪಾರ್ಸಿ ಸಮುದಾಯದಿಂದ ಕ್ರೈಸ್ತ ಧರ್ಮಕ್ಕೆ ಬಂದು ಪಾದ್ರಿಯಾದವರು. ಅಮ್ಮ ಫ್ರಾನ್ಸಿನಾ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ಕಟ್ಟಿದವರು. ಇಲ್ಲೊಂದು ನಮ್ಮ ಊರಿನ ನಂಟೂ ಇದೆ. ಪುಣೆಗೆ ಹೋಗುವ ಮೊದಲು ಈ ಕುಟುಂಬ ಇದ್ದದ್ದು ಬೆಳಗಾವಿಯಲ್ಲಿ. ನಮಗೆ ಬೆಳಗಾವಿ ಅಂದ್ರೆ ಕುಂದಾ, ಇಲ್ಲಾಂದ್ರೆ ವಿಟಿಯು ರಿಸಲ್ಟ್. ಆದ್ರೆ ದೇಶದ ಮೊದಲ ವಕೀಲೆ ಬಾಲ್ಯದಲ್ಲಿ ಆಡಿ ಬೆಳೆದ ಊರೂ ಅದೇ.

ಆ ಕಾಲದಲ್ಲಿ ಬಾಂಬೆ ಯೂನಿವರ್ಸಿಟಿ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಾರ್ನೇಲಿಯಾರ ಇಬ್ಬರು ಅಕ್ಕಂದಿರು ಪ್ರಯತ್ನ ಮಾಡಿ, ಹಿಂದೆ ಯಾವ ಹೆಣ್ಣೂ ಸೇರಿಲ್ಲ ಅನ್ನೋ ಕಾರಣಕ್ಕೆ ವಾಪಸ್ ಬಂದಿದ್ದರು. ಯಾರೂ ಸೇರಿಲ್ಲ, ಅದಕ್ಕೇ ಯಾರನ್ನೂ ಸೇರಿಸಲ್ಲ. ಪ್ರೋಗ್ರಾಮಿಂಗ್ ಓದಿದ ನಮಗೆ ಈ ಲೂಪ್ ಎಲ್ಲಿಗೂ ಹೋಗಲ್ಲ ಅಂತ ಬೇಗ ಗೊತ್ತಾಗುತ್ತೆ. ಕೊನೆಗೆ ಬಾಗಿಲು ತೆರೆಯಿತು, ಕಾರ್ನೇಲಿಯಾ ಪುಣೆಯ ಡೆಕ್ಕನ್ ಕಾಲೇಜಿಗೆ ಸೇರಿದರು. 1888ರಲ್ಲಿ ಪದವಿ ಪರೀಕ್ಷೆಯಲ್ಲಿ ತಮ್ಮ ಬ್ಯಾಚಿಗೇ ಮೊದಲಿಗರಾಗಿ ಪಾಸಾದರು.

ಮೊದಲ ಸ್ಥಾನ ಬಂದವರಿಗೆ ಇಂಗ್ಲೆಂಡಿಗೆ ಹೋಗಿ ಓದಲು ಸರ್ಕಾರದ ಸ್ಕಾಲರ್‌ಶಿಪ್ ಸಿಗಬೇಕಿತ್ತು. ಇವರಿಗೆ ಸಿಗಲಿಲ್ಲ. ಕಾರಣ ಬೇರೇನಿಲ್ಲ, ಹೆಣ್ಣು ಅನ್ನೋದೊಂದೇ. ಸುಮ್ಮನೆ ಕೂರದೆ ಅವರು ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಹುಡುಗರಿಗೆ ಇಂಗ್ಲಿಷ್ ಪಾಠ ಮಾಡಲು ಹೋದರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿದ್ದ ಹಿತೈಷಿಗಳು ಅವರಿಗಾಗಿ ಚಂದಾ ಎತ್ತಿದರು. ಹಣ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದರು. 1889ರಲ್ಲಿ ಕಾರ್ನೇಲಿಯಾ ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜು ಸೇರಿದರು.

ಅವರ ಮನಸ್ಸು ಕಾನೂನಿನ ಕಡೆಗೇ ಯಾಕೆ ಹೋಯ್ತು ಅನ್ನೋದನ್ನ ತಿಳ್ಕೊಳ್ಳಬೇಕು. ಆಗ ಎಷ್ಟೋ ಶ್ರೀಮಂತ ಮನೆಗಳಲ್ಲಿ ಹೆಂಗಸರು ಪರದೆಯ ಹಿಂದೆ ಇರುತ್ತಿದ್ದರು. ಹೊರಗಿನ ಗಂಡಸರ ಜೊತೆ ಮಾತಾಡುವಂತಿಲ್ಲ. ಗಂಡ ತೀರಿಹೋದರೆ ಆಸ್ತಿ ಅವರ ಹೆಸರಿನಲ್ಲಿ ಇರಬಹುದು, ಆದ್ರೆ ಅದನ್ನು ಉಳಿಸಿಕೊಳ್ಳೋಕೆ ವಕೀಲರ ಹತ್ತಿರ ಮಾತಾಡಬೇಕಲ್ಲ? ವಕೀಲರೆಲ್ಲ ಗಂಡಸರೇ. ಹಾಗಾಗಿ ಮಧ್ಯದಲ್ಲಿ ನಿಂತ ನೆಂಟರೋ ಮ್ಯಾನೇಜರೋ ಹೇಳಿದ್ದೇ ಸತ್ಯ. ಹೆಣ್ಣೊಬ್ಬಳು ವಕೀಲೆಯಾದರೆ ಮಾತ್ರ ಆ ಪರದೆ ದಾಟಿ ಒಳಗೆ ಹೋಗಿ ಕೇಳಬಹುದು. ಕಾರ್ನೇಲಿಯಾ ಹಿಡಿದಿದ್ದು ಈ ಕೆಲಸವನ್ನು.

1892ರಲ್ಲಿ ಆಕ್ಸ್‌ಫರ್ಡಿನ ಬಿಸಿಎಲ್ ಪರೀಕ್ಷೆ. ಅದು ಕಾನೂನಿನ ಉನ್ನತ ಪದವಿ, ಅಲ್ಲಿಯವರೆಗೆ ಯಾವ ಹೆಣ್ಣೂ ಬರೆದಿರಲಿಲ್ಲ. ಇಂಗ್ಲೆಂಡಿನ ಸ್ನೇಹಿತರು ಮನವಿ ಮೇಲೆ ಮನವಿ ಕೊಟ್ಟ ಮೇಲೆ ಯೂನಿವರ್ಸಿಟಿ ವಿಶೇಷ ಆದೇಶ ಹೊರಡಿಸಿ ಬರೆಯಲು ಬಿಟ್ಟಿತು. ಫಲಿತಾಂಶದಲ್ಲಿ ಮೂರನೇ ದರ್ಜೆ ಬಂತು. ಟಾಪರ್ ಆಗಿದ್ದವರಿಗೆ ಬೇಜಾರಾಗಿರಲೇಬೇಕು. ಆದ್ರೆ ದೊಡ್ಡ ಪೆಟ್ಟು ಅದಲ್ಲ. ಪರೀಕ್ಷೆ ಪಾಸಾದರೂ ಡಿಗ್ರಿ ಕೊಡಲಿಲ್ಲ! ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಶುರು ಮಾಡಿದ್ದೇ 1920ರಲ್ಲಿ. ನಮಗೆ ಮಾರ್ಕ್ಸ್ ಕಾರ್ಡ್ ಒಂದು ತಿಂಗಳು ಲೇಟಾದರೆ ತಲೆ ಕೆಡುತ್ತೆ. ಇವರಿಗೆ ಪದವಿ ಕೈಗೆ ಬಂದಿದ್ದು 1922ರಲ್ಲಿ, 30 ವರ್ಷ ಆದ ಮೇಲೆ.

1894ರಲ್ಲಿ ಭಾರತಕ್ಕೆ ವಾಪಸ್ ಬಂದರು. ತಲೆಯಲ್ಲಿ ಆಕ್ಸ್‌ಫರ್ಡಿನ ಕಾನೂನು ಇದೆ, ಕೈಯಲ್ಲಿ ಸನ್ನದು ಇಲ್ಲ. ಕಾಠಿಯಾವಾಡ, ಇಂದೋರ್ ಕಡೆಯ ಸಂಸ್ಥಾನಗಳಲ್ಲಿ ಬ್ರಿಟಿಷ್ ಏಜೆಂಟರ ಮುಂದೆ ಹೆಂಗಸರ ಪರವಾಗಿ ಅಹವಾಲು ಕೊಡಲು ಅವಕಾಶ ಸಿಕ್ಕಿತು. ಬ್ರಿಟಿಷ್ ಕೋರ್ಟುಗಳಲ್ಲಿ ವಕೀಲೆಯಾಗಿ ನಿಲ್ಲುವ ಹಕ್ಕು ಮಾತ್ರ ಇಲ್ಲ. ಈ ದಿನಗಳ ಒಂದು ತಮಾಷೆಯ ಪ್ರಸಂಗವನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಒಂದು ಸಂಸ್ಥಾನದಲ್ಲಿ ಆನೆಯೊಂದರ ಮೇವಿನ ತೋಪಿನ ಹಕ್ಕಿಗಾಗಿ ಇವರು ರಾಜನ ಮುಂದೆ ವಾದಿಸಲು ಹೋದರಂತೆ. ರಾಜನ ನಾಯಿಗೆ ಇವರು ಇಷ್ಟವಾದರು ಅಂತ ತೀರ್ಪು ಇವರ ಕಡೆಗೇ ಆಯಿತಂತೆ. ಓದುವಾಗ ನಗು ಬರುತ್ತೆ. ಆದ್ರೆ ಇಷ್ಟು ಓದಿದವರ ಭವಿಷ್ಯ ಅಲ್ಲಿ ನಾಯಿಯ ಮೂಡಿನ ಮೇಲೆ ನಿಂತಿತ್ತಲ್ಲ ಅಂದುಕೊಂಡಾಗ ನಗು ನಿಲ್ಲುತ್ತೆ.

ವಿದೇಶದ ಓದು ಸಾಲದಿದ್ದರೆ ಇಲ್ಲಿಯದೇ ಪರೀಕ್ಷೆ ಬರೆಯೋಣ ಅಂತ ಕಾರ್ನೇಲಿಯಾ ತೀರ್ಮಾನಿಸಿದರು. 1897ರಲ್ಲಿ ಬಾಂಬೆ ಯೂನಿವರ್ಸಿಟಿಯ ಎಲ್‌ಎಲ್‌ಬಿ ಮುಗಿಸಿದರು. ಸನ್ನದು ಸಿಗಲಿಲ್ಲ. 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ಪ್ಲೀಡರ್ ಪರೀಕ್ಷೆಯನ್ನೂ ಪಾಸಾದರು. ಆಗಲೂ ಕೋರ್ಟು ಅವರನ್ನು ಎನ್‌ರೋಲ್ ಮಾಡಿಕೊಳ್ಳಲಿಲ್ಲ. ಲೆಕ್ಕ ಹಾಕಿ ನೋಡಿ. ಎರಡು ದೇಶ, ಕಾನೂನಿನ ಮೂರು ಪರೀಕ್ಷೆ, ಮೂರೂ ಪಾಸ್. ವಯಸ್ಸು 32. ಇನ್ನೂ ವಕೀಲೆ ಅಲ್ಲ.

ಇಲ್ಲಿ ನಮ್ಮ ಕ್ಯಾಂಟೀನ್ ಚರ್ಚೆಗೆ ಒಂದು ಉತ್ತರ ಸಿಕ್ಕಿತು. ಹೊರದೇಶದಲ್ಲಿ ಓದಿ ಬಂದವರಿಗೆ ಪರೀಕ್ಷೆ ಇಡೋದೇ ಅನ್ಯಾಯ ಅಂತ ನಮ್ಮಲ್ಲಿ ಕೆಲವರು ವಾದಿಸಿದ್ದರು. ಹಾಗೇನಿಲ್ಲ. ಅಲ್ಲಿಯ ಕಾನೂನು ಬೇರೆ, ಇಲ್ಲಿಯದು ಬೇರೆ. ಆಸ್ತಿ ಕಳೆದುಕೊಳ್ಳುವ ಭಯದಲ್ಲಿರೋ ಕಕ್ಷಿದಾರರಿಗೆ ಇಲ್ಲಿಯ ಕಾನೂನು ಗೊತ್ತಿರೋ ವಕೀಲರೇ ಬೇಕು. ಎಂಬಿಬಿಎಸ್‌ ಅನ್ನು ಹೊರಗೆ ಓದಿ ಬಂದವರಿಗೂ ಇಲ್ಲಿ ಎಫ್‌ಎಂಜಿಇ ಇದೆಯಲ್ಲ, ಅದೇ ಥರ. ಕಾರ್ನೇಲಿಯಾ ಕೂಡ ಪರೀಕ್ಷೆಗೆ ಹಿಂಜರಿದವರಲ್ಲ, ಕರೆದಾಗಲೆಲ್ಲ ಹೋಗಿ ಬರೆದರು. ಅನ್ಯಾಯ ಇದ್ದದ್ದು ಪರೀಕ್ಷೆಯ ಆಚೆಗೆ. ಪಾಸಾದರೆ ಒಳಗೆ ಬಿಡ್ತೀವಿ ಅನ್ನೋದು ಪರೀಕ್ಷೆಯ ಮಾತು. ಪಾಸಾದ ಮೇಲೂ ಬಿಡದಿದ್ದರೆ ಅದು ಪರೀಕ್ಷೆಯೇ ಅಲ್ಲ, ಬರೀ ಕಾಯಿಸುವ ಸಾಲು.

ಅವರು ಆ ಸಾಲಿನಲ್ಲಿ ನಿಂತೇ ಕೆಲಸ ಮಾಡಿದರು. ಪರದೆಯ ಹೆಂಗಸರಿಗೆ ಸಲಹೆ ಕೊಡಲು ಸರ್ಕಾರವೇ ಒಬ್ಬ ಮಹಿಳೆಯನ್ನು ನೇಮಿಸಬೇಕು ಅಂತ 1902ರಿಂದ ಅರ್ಜಿ ಹಾಕುತ್ತಾ ಬಂದರು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಆ ಹುದ್ದೆ ಅವರಿಗೇ ಸಿಕ್ಕಿತು. ಅಪ್ರಾಪ್ತ ವಾರಸುದಾರರ, ವಿಧವೆಯರ ಜಮೀನ್ದಾರಿ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಅದು. ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂ ಎಲ್ಲ ಸುತ್ತಿದರು. ಸುಮಾರು 20 ವರ್ಷಗಳಲ್ಲಿ ಅವರ ನೆರವು ಪಡೆದ ಹೆಂಗಸರು, ಮಕ್ಕಳ ಸಂಖ್ಯೆ 600ಕ್ಕೂ ಹೆಚ್ಚು ಅಂತ ಅಂದಾಜಿದೆ. 1909ರಲ್ಲಿ ಕೈಸರ್-ಇ-ಹಿಂದ್ ಚಿನ್ನದ ಪದಕವೂ ಬಂತು. ಪದಕ ಕೊಟ್ಟರು, ಸನ್ನದು ಕೊಡಲಿಲ್ಲ.

ಅಷ್ಟರಲ್ಲಿ ಬೇರೆ ಹೆಣ್ಣುಮಕ್ಕಳೂ ಅದೇ ಬಾಗಿಲು ಬಡಿಯುತ್ತಿದ್ದರು. 1916ರಲ್ಲಿ ಕಲ್ಕತ್ತಾ ಹೈಕೋರ್ಟ್ ರೆಜಿನಾ ಗುಹಾ ಅವರ ಅರ್ಜಿ ತಳ್ಳಿಹಾಕಿತು. 1921ರಲ್ಲಿ ಪಾಟ್ನಾ ಹೈಕೋರ್ಟ್ ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಯನ್ನು ತಳ್ಳಿತು. ವಕೀಲರ ಕಾಯ್ದೆಯಲ್ಲಿ ಹೆಂಗಸರು ಬರಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಆದ್ರೆ ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇರಲೇ ಇಲ್ಲ ಅನ್ನೋದು ಕೋರ್ಟಿನ ವಾದ.

ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟ್ ಮನಸ್ಸು ಬದಲಿಸಿತು. 22 ವರ್ಷದ ಹಿಂದೆ ತನ್ನದೇ ಪರೀಕ್ಷೆ ಪಾಸಾಗಿದ್ದ ಕಾರ್ನೇಲಿಯಾರನ್ನು ವಕೀಲೆಯಾಗಿ ನೋಂದಾಯಿಸಿತು. ಅವರಿಗಾಗ 54 ವರ್ಷ. 1923ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಕಾಯ್ದೆ ಬಂತು, ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ಹೊರಗಿಡುವಂತಿಲ್ಲ ಅಂತ. ಅಷ್ಟರಲ್ಲಿ ಅವರು ಲಂಡನ್ನಿನ ಲಿಂಕನ್ಸ್ ಇನ್ ಮೂಲಕ ಬ್ಯಾರಿಸ್ಟರೂ ಆಗಿದ್ದರು. 1924ರಲ್ಲಿ ಕಲ್ಕತ್ತಾದಲ್ಲಿ ಪ್ರಾಕ್ಟೀಸ್ ಶುರು ಮಾಡಿದರು.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದ್ರೆ ಕೋರ್ಟಿನಲ್ಲಿ ನಿಂತು ವಾದಿಸುವ ಅವಕಾಶ ಅವರಿಗೆ ಸಿಕ್ಕಿದ್ದು ಕಡಿಮೆ. ಬಹುಪಾಲು ಕೇಸುಗಳ ಮೇಲೆ ಅಭಿಪ್ರಾಯ ಬರೆದುಕೊಡುವುದಷ್ಟೇ ಕೆಲಸವಾಯಿತು. ಸನ್ನದು ಕಾಯ್ದೆಯಿಂದ ಬರುತ್ತೆ, ನಂಬಿಕೆ ಕಾಯ್ದೆಯಿಂದ ಬರಲ್ಲ. 1929ರಲ್ಲಿ ನಿವೃತ್ತರಾಗಿ ಲಂಡನ್ನಿಗೆ ಹೋದರು, 1954ರಲ್ಲಿ ಅಲ್ಲೇ ತೀರಿಕೊಂಡರು.

ಅವರ ಎಲ್ಲ ನಿಲುವುಗಳೂ ನಮಗೆ ಒಪ್ಪಿಗೆ ಅಂತಲ್ಲ. ಬ್ರಿಟಿಷ್ ಆಳ್ವಿಕೆಯ ಪರವಾಗಿದ್ದರು, ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. ಭಾರತೀಯರನ್ನು ಕೀಳಾಗಿ ತೋರಿಸಿದ ಕ್ಯಾಥರೀನ್ ಮೇಯೋ ಪುಸ್ತಕವನ್ನು ಬೆಂಬಲಿಸಿ ಬಹಳ ಜನರ ಸಿಟ್ಟಿಗೆ ಗುರಿಯಾದರು. ಬಹುಶಃ ಅದಕ್ಕೇ ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಅಷ್ಟಾಗಿ ಕಾಣಲ್ಲವೇನೋ. ಆದ್ರೆ ನಾಳೆ ಒಬ್ಬ ಹುಡುಗಿ ಕರಿ ಕೋಟು ಹಾಕ್ಕೊಂಡು ಕೋರ್ಟಿಗೆ ಹೋಗುವಾಗ ಯಾರೂ ತಿರುಗಿ ನೋಡದಿದ್ದರೆ, ಅದರಲ್ಲಿ ಇವರು ಕಾದ ವರ್ಷಗಳ ಪಾಲೂ ಇದೆ.

ಗೆಳತಿಯ ಅಕ್ಕನಿಗೆ ಈ ಕಥೆ ಹೇಳಿ ಕಳಿಸಿದ್ದೇವೆ. ಅವರು ಬರೆಯಬೇಕಾದ ಪರೀಕ್ಷೆ ಕಷ್ಟದ್ದೇ ಇರಬಹುದು. ಆದ್ರೆ ಪಾಸಾದ ದಿನ ಬಾಗಿಲು ತೆರೆಯುತ್ತೆ ಅನ್ನೋದು ಅವರಿಗೆ ಗೊತ್ತು. ಕಾರ್ನೇಲಿಯಾಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಹಾಲಿಗೆ ಹೋಗಿ ಕೂತು ಬರೆದರು.