ಹ್ಯಾಂಡಲ್‌ನಿಂದ ಮುಕ್ತಿ ಕೊಟ್ಟ ಕೆಟರಿಂಗ್

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯಲ್ಲಿ ಕಡಕೊಳ ಸಿಗುತ್ತದೆ. ಅಲ್ಲಿರುವ ಟಿವಿಎಸ್ ಕಾರ್ಖಾನೆಯಲ್ಲಿ ತಯಾರಾಗುವ ದ್ವಿಚಕ್ರ ವಾಹನದ ಗುಂಡಿ ಒತ್ತಿದರೆ ಕ್ಷಣಮಾತ್ರದಲ್ಲಿ ಎಂಜಿನ್ ಚಾಲೂ ಆಗುತ್ತದೆ. ಇದೇ ಹಾದಿಯಲ್ಲಿ, ಕಪಿಲಾ ನದಿಯ ಮೇಲಿನ 1735ರ ಸೇತುವೆ ದಾಟಿ ಊಟಿಯತ್ತ ಸಾಗುತ್ತಿದ್ದ ಆದಿಕಾಲದ ಮೋಟಾರುಗಳಿಗೆ ಆ ಸುಖವಿರಲಿಲ್ಲ. ಚಾಲಕ ಕೆಳಗಿಳಿದು, ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ, ತೋಳಿನ ಬಲವನ್ನೆಲ್ಲ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು ಸಾಮಾನ್ಯವಾಗಿತ್ತು. ಆ ಭಯವನ್ನು ನೀಗಿಸಿದವರು ಅಮೆರಿಕದ ಚಾರ್ಲ್ಸ್ ಫ್ರ್ಯಾಂಕ್ಲಿನ್ ಕೆಟರಿಂಗ್.

ಮಸುಕು ಕಣ್ಣಿನ ವಿದ್ಯಾರ್ಥಿ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಓಹಿಯೊ ರಾಜ್ಯದ ಲೌಡನ್‌ವಿಲ್ ಸಮೀಪದ ರೈತ ಕುಟುಂಬವೊಂದರಲ್ಲಿ. ಬಾಲ್ಯದಿಂದಲೂ ದೃಷ್ಟಿದೋಷ ಕಾಡುತ್ತಿತ್ತು. ಕೆಲಕಾಲ ಹಳ್ಳಿಶಾಲೆಯಲ್ಲಿ ಪಾಠ ಹೇಳಿ, ಬಳಿಕ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರೂ ಕಣ್ಣಿನ ಬೇನೆಯಿಂದಾಗಿ ಓದು ನಿಲ್ಲಿಸಬೇಕಾಯಿತು. ಆಗ ಅವರು ಹಿಡಿದದ್ದು ದೂರವಾಣಿ ಕಂಬ ನೆಡುವ ತಂಡದ ಕೆಲಸ. ಪುಸ್ತಕದಲ್ಲಿ ಓದಲಾಗದ ವಿದ್ಯುತ್ ಶಾಸ್ತ್ರವನ್ನು ತಂತಿ ಹಿಡಿದು ಕಲಿತರು. ಮರಳಿ ಕಾಲೇಜಿಗೆ ಹೋಗಿ 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದಾಗ ಅವರಿಗೆ 27 ವರ್ಷ.

ಗಲ್ಲಾಪೆಟ್ಟಿಗೆಯ ಪಾಠ

ಮೊದಲ ಉದ್ಯೋಗ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಗಳಲ್ಲಿ ಕೈಯಿಂದ ತಿರುಗಿಸುತ್ತಿದ್ದ ಗಲ್ಲಾಪೆಟ್ಟಿಗೆಗೆ ಅವರು ವಿದ್ಯುತ್ ಮೋಟಾರು ಜೋಡಿಸಿದರು. ಆ ಕೆಲಸ ಅವರಿಗೊಂದು ಮಹತ್ವದ ಪಾಠ ಕಲಿಸಿತು. ದಿನವಿಡೀ ಓಡುವ ಮೋಟಾರು ದೊಡ್ಡದಿರಬೇಕು. ಕೆಲವೇ ಕ್ಷಣ ಓಡಿ ನಿಲ್ಲುವ ಮೋಟಾರು ಚಿಕ್ಕದಾದರೂ ನಡೆದೀತು. ಆ ಅಲ್ಪ ಹೊತ್ತಿನಲ್ಲಿ ಅದರ ಮೇಲೆ ಹೆಚ್ಚಿನ ಹೊರೆ ಹಾಕಿದರೂ ಸುಟ್ಟುಹೋಗುವಷ್ಟು ಬಿಸಿಯಾಗದು.

1909ರಲ್ಲಿ ಕೆಟರಿಂಗ್ ಹಾಗೂ ಅವರ ಮಿತ್ರ ಎಡ್ವರ್ಡ್ ಡೀಡ್ಸ್ ಡೆಲ್ಕೊ ಕಂಪನಿ ಸ್ಥಾಪಿಸಿದರು. ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯೇ ಅವರ ಕಾರ್ಯಾಗಾರವಾಗಿತ್ತು. ಅದಕ್ಕೆ ಮುನ್ನ, 1908ರಲ್ಲಿ, ಕಾರು ತಯಾರಕ ಬೈರನ್ ಕಾರ್ಟರ್ ಮೃತಪಟ್ಟಿದ್ದರು. ದಾರಿಯಲ್ಲಿ ನಿಂತಿದ್ದ ಮಹಿಳೆಯೊಬ್ಬರ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ ದವಡೆಗೆ ಪೆಟ್ಟು ಬಿದ್ದು, ಆ ಬಳಿಕ ಕಾಯಿಲೆಯಿಂದ ಅಸುನೀಗಿದರೆಂಬುದು ವಾಹನ ಚರಿತ್ರೆಯಲ್ಲಿ ಪ್ರಚಲಿತವಾದ ವೃತ್ತಾಂತ. ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಅವರಿಗೆ ಈ ಸಾವು ಬಹುವಾಗಿ ನೋವುಂಟುಮಾಡಿತು. ಹ್ಯಾಂಡಲ್ ಇಲ್ಲದ ಕಾರು ಅವರ ಹಟವಾಯಿತು.

ಎಂಜಿನ್ ತಿರುಗಿಸಲು ಎಂಜಿನ್ನಿನಷ್ಟೇ ದೊಡ್ಡ ಮೋಟಾರು ಬೇಕೆಂಬುದು ಅಂದಿನ ಅನೇಕ ತಜ್ಞರ ನಂಬಿಕೆಯಾಗಿತ್ತು. ಗಲ್ಲಾಪೆಟ್ಟಿಗೆಯ ಪಾಠ ಇಲ್ಲಿ ನೆರವಿಗೆ ಬಂತು. 1911ರ ಫೆಬ್ರುವರಿಯಲ್ಲಿ ಕೆಟರಿಂಗ್ ಅವರ ಸ್ಟಾರ್ಟರ್ ಕ್ಯಾಡಿಲಾಕ್ ಕಾರೊಂದನ್ನು ಚಾಲೂ ಮಾಡಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ಎಂಜಿನ್ ಹೊರಳಿಸುವಾಗ 24 ವೋಲ್ಟ್ ಬಳಸುತ್ತಿದ್ದ ಅದೇ ಯಂತ್ರ, ಎಂಜಿನ್ ಓಡತೊಡಗಿದ ಮೇಲೆ 6 ವೋಲ್ಟ್ ವಿದ್ಯುತ್ ಉತ್ಪಾದಿಸಿ ಬ್ಯಾಟರಿ ತುಂಬುತ್ತಿತ್ತು, ದೀಪಗಳನ್ನೂ ಬೆಳಗುತ್ತಿತ್ತು. ತೋಳ್ಬಲವಿಲ್ಲದವರೂ ಪೆಟ್ರೋಲ್ ಕಾರು ನಡೆಸುವಂತಾಯಿತು. 1919ರ ಹೊತ್ತಿಗೆ ಜನಸಾಮಾನ್ಯರ ಫೋರ್ಡ್ ಮಾಡೆಲ್ ಟಿ ಕಾರಿಗೂ ಸ್ಟಾರ್ಟರ್ ಬಂತು.

ದುರಸ್ತಿಯ ರೀತಿ

ಪುರಾತನ ಕಾರುಗಳ ಸ್ಟಾರ್ಟರ್ ಕೈಕೊಟ್ಟರೆ ಇಂದಿಗೂ ದುರಸ್ತಿ ಕೆಟರಿಂಗ್ ತರ್ಕದ ಜಾಡಿನಲ್ಲೇ ಸಾಗುತ್ತದೆ. ಅಲ್ಪಕಾಲದಲ್ಲಿ ಅಪಾರ ವಿದ್ಯುತ್ ಹರಿಯಬೇಕಾದುದರಿಂದ ಮೊದಲು ನೋಡಬೇಕಾದದ್ದು ಬ್ಯಾಟರಿ, ಅದರ ತುದಿಗಳ ಕಿಲುಬು ಮತ್ತು ಅರ್ತ್ ತಂತಿ. ಗುಂಡಿ ಒತ್ತಿದಾಗ ದೀಪ ತೀರಾ ಮಂಕಾದರೆ ದೋಷ ಅಲ್ಲಿರುವುದೇ ಹೆಚ್ಚು. ದೀಪ ಉರಿಯುತ್ತಿದ್ದೂ ಮೋಟಾರು ಸುಮ್ಮನಿದ್ದರೆ ಸ್ವಿಚ್ ಸವೆದಿರಬಹುದು, ಇಲ್ಲವೇ ಕಾರ್ಬನ್ ಬ್ರಷ್ ಸವೆದು ಕಾಮ್ಯುಟೇಟರ್ ಮೇಲೆ ಮಸಿ ಕೂತಿರಬಹುದು. ಮೋಟಾರು ಗಿರ್ರೆಂದು ತಿರುಗಿಯೂ ಎಂಜಿನ್ ಕದಲದಿದ್ದರೆ ಬೆಂಡಿಕ್ಸ್ ಗಾಲಿ ಅಂಟಿಕೊಂಡಿದೆ ಎಂದರ್ಥ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕೇ ಹೊರತು ಗ್ರೀಸ್ ಬಳಿಯಬಾರದು. ಗ್ರೀಸ್ ಧೂಳನ್ನು ಹಿಡಿದು ಮತ್ತೆ ಅಂಟಿಸುತ್ತದೆ.

ಅನಿವಾರ್ಯವಾಗಿ ಹ್ಯಾಂಡಲ್ ಹಿಡಿಯಬೇಕಾದರೆ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇರಿಸಿ, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ತಿರುಮಕೂಡಲು ನರಸೀಪುರದಂಥ ನದಿಬಯಲಿನಲ್ಲಿ ಹಳೆಯ ಡೀಸೆಲ್ ಪಂಪ್‌ಸೆಟ್‌ಗೆ ಹ್ಯಾಂಡಲ್ ಹೊಡೆದ ರೈತರಿಗೆ ಆ ಒದೆತದ ಪರಿಚಯ ಹೇಳಿಕೊಡಬೇಕಿಲ್ಲ.

ಬಾಳಿನ ಇನ್ನೊಂದು ಮುಖ

ಕೆಟರಿಂಗ್ ಅವರ ಬದುಕು ಇಲ್ಲಿಗೇ ಮುಗಿದಿದ್ದರೆ ಅದು ಬರೀ ಉಪಕಾರದ ಕಥೆಯಾಗಿರುತ್ತಿತ್ತು. 1920ರಿಂದ 1947ರವರೆಗೆ ಅವರು ಜನರಲ್ ಮೋಟಾರ್ಸ್ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಆ ಕಾಲದ ಎಂಜಿನ್‌ಗಳು ಭಾರ ಹೆಚ್ಚಾದಾಗ ಕುಟ್ಟಿದಂತೆ ಸದ್ದು ಮಾಡುತ್ತಿದ್ದವು. ಆ ದೋಷವನ್ನು ಕೆಲವರು ಕೆಟರಿಂಗ್ ಅವರ ಬ್ಯಾಟರಿ ಇಗ್ನಿಷನ್ ಮೇಲೆಯೇ ಹೊರಿಸಿದ್ದರು. ಪರಿಹಾರ ಹುಡುಕಿದ ಅವರ ಸಹಾಯಕ ಥಾಮಸ್ ಮಿಜ್ಲಿ, 1921ರ ಡಿಸೆಂಬರ್‌ನಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಸದ್ದು ಅಡಗುವುದನ್ನು ಕಂಡುಕೊಂಡರು. ಅದನ್ನು ಮಾರಲು 1924ರಲ್ಲಿ ಹುಟ್ಟಿದ ಈಥೈಲ್ ಕಾರ್ಪೊರೇಷನ್‌ಗೆ ಕೆಟರಿಂಗ್ ಅವರೇ ಮೊದಲ ಅಧ್ಯಕ್ಷರು.

ಅದೇ ವರ್ಷ ತಯಾರಿಕಾ ಘಟಕದ ಕಾರ್ಮಿಕರು ಸೀಸದ ವಿಷದಿಂದ ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಆರೋಗ್ಯ ತಜ್ಞರು ಎಚ್ಚರಿಸಿದರು. 1925ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಭೆಯಲ್ಲಿ ಕೆಟರಿಂಗ್ ತಮ್ಮ ಇಂಧನವನ್ನು ಸಮರ್ಥಿಸಿಕೊಂಡರು. ಕೆಲಕಾಲ ನಿಂತಿದ್ದ ಮಾರಾಟ ಮತ್ತೆ ಆರಂಭವಾಯಿತು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮುಂದೆ ನಿಚ್ಚಳವಾಯಿತು. ಭಾರತ ಸೀಸಯುಕ್ತ ಪೆಟ್ರೋಲ್‌ಗೆ 2000ದಲ್ಲಿ ವಿದಾಯ ಹೇಳಿತು. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

1945ರಲ್ಲಿ ಆಲ್‌ಫ್ರೆಡ್ ಸ್ಲೋನ್ ಅವರೊಡನೆ ಸೇರಿ ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಬುನಾದಿ ಹಾಕಿದವರೂ ಇದೇ ಕೆಟರಿಂಗ್. ಮರುವರ್ಷ ಅವರ ಪತ್ನಿ ಆಲಿವ್ ಕ್ಯಾನ್ಸರ್‌ಗೆ ಬಲಿಯಾದರು. 1958ರ ನವೆಂಬರ್ 25ರಂದು ಕೆಟರಿಂಗ್ ಕೊನೆಯುಸಿರೆಳೆದರು.

ಸ್ಟಾರ್ಟರ್‌ಗೆ ಶಕ್ತಿ ಕೊಡುವ ಬ್ಯಾಟರಿಯೊಳಗೂ ಇರುವುದು ಸೀಸವೇ. ಪೆಟ್ಟಿಗೆಯೊಳಗೆ ಭದ್ರವಾಗಿದ್ದಾಗ ಅದು ಮನುಷ್ಯನ ಕೈ ಉಳಿಸಿತು. ಹೊಗೆಯಾಗಿ ಗಾಳಿ ಸೇರಿದಾಗ ಮಕ್ಕಳ ಉಸಿರಿಗೆ ವಿಷವಾಯಿತು. ಹಳೆಯ ಕಾರಿನ ಸ್ಟಾರ್ಟರ್ ಸರಿಪಡಿಸುವವರು ತೆಗೆದಿಟ್ಟ ಹಳೆಯ ಬ್ಯಾಟರಿಯನ್ನು ಎಲ್ಲೆಂದರಲ್ಲಿ ಒಡೆಯದೆ, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕಾದದ್ದು ಇದೇ ಕಾರಣಕ್ಕೆ.