ಪ್ರಜೆಯ ಪಾಲು ಕೇಳಿದ ಡಿವಿಜಿ

ಬೆಂಗಳೂರು: 'ಮಂಕುತಿಮ್ಮನ ಕಗ್ಗ'ದಿಂದ ಮನೆಮಾತಾದ ಡಿ.ವಿ. ಗುಂಡಪ್ಪನವರು ಮೂಲತಃ ರಾಜಕೀಯ ಪತ್ರಕರ್ತರು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಅವರು 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು.

ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ, 1907ರಿಂದ ನ್ಯಾಯವಿಧಾಯಕ ಸಭೆ ಇದ್ದವು. ಆದರೆ ದಿವಾನರು ಹೊಣೆಯಾಗಿದ್ದುದು ಮಹಾರಾಜರಿಗೆ, ಸಭೆಗಳಿಗಲ್ಲ. ಈ ಕೊರತೆಯನ್ನು ಗುಂಡಪ್ಪನವರು ಲೇಖನ, ಕಿರುಹೊತ್ತಿಗೆಗಳಲ್ಲಿ ಎತ್ತಿ ತೋರಿದರು. ಬ್ರಿಟಿಷರು ಹಾಗೂ ರಾಜರು ಸೇರಿ ಸಂಸ್ಥಾನಗಳ ಭವಿಷ್ಯ ನಿರ್ಧರಿಸುವಾಗ ಪ್ರಜೆಗೂ ಪಾಲಿರಬೇಕೆಂದು ವಾದಿಸಿದರು. ಸಿಂಹಾಸನವನ್ನು ಉರುಳಿಸುವುದಲ್ಲ, ಆಡಳಿತವನ್ನು ಪ್ರಜೆಗೆ ಉತ್ತರದಾಯಿಯಾಗಿಸುವುದು ಅವರ ಗುರಿಯಾಗಿತ್ತು.

ಬೆಂಗಳೂರು ಪುರಸಭೆ, ನ್ಯಾಯವಿಧಾಯಕ ಸಭೆಗಳ ಸದಸ್ಯರಾಗಿಯೂ ದುಡಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪಿಸಿದ ಅವರು 1975ರಲ್ಲಿ ನಿಧನರಾದರು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಕಾಣದ ಮಲ್ಲತ್ತಹಳ್ಳಿಯಂಥ ಬಡಾವಣೆಗಳ ನಾಗರಿಕರಿಗೆ ಅವರೆತ್ತಿದ ಪ್ರಶ್ನೆ ಹಳತೆನಿಸದು.