ಸಂವಿಧಾನದ ಮೊದಲ ಕರಡು ಬರೆದ ಬೆನಗಲ್ ನರಸಿಂಗರಾಯರು



ನಮ್ಮ ಸಂಘದಲ್ಲಿ ನೂರು ಪಾಲು ಇದ್ದವರಿಗೂ ಒಂದೇ ಮತ, ಒಂದು ಪಾಲು ಇದ್ದವರಿಗೂ ಒಂದೇ ಮತ. ಇದು ನಮಗೆ ರೂಢಿಯಾಗಿ ಹೋಗಿರುವುದರಿಂದ ಇದರಲ್ಲೇನು ವಿಶೇಷ ಅಂತ ಅನ್ನಿಸಬಹುದು. ಆದರೆ ದೇಶದ ಆಡಳಿತದಲ್ಲಿ ಈ ನ್ಯಾಯ ಬಂದು ಬಹಳ ಕಾಲವೇನೂ ಆಗಿಲ್ಲ. ಬ್ರಿಟಿಷರ ಕಾಲದಲ್ಲಿ ಆಸ್ತಿ ಇದ್ದವರು, ತೆರಿಗೆ ಕಟ್ಟುವವರು, ಓದು ಬಲ್ಲವರು, ಇಂಥವರಿಗೆ ಮಾತ್ರ ಓಟು. ಹೆಚ್ಚಿನ ಕೂಲಿಕಾರರಿಗೂ ಹೆಂಗಸರಿಗೂ ಅದು ಇರಲೇ ಇಲ್ಲ. ಪ್ರಜೆ ಅಂದರೆ ಆಳಿಸಿಕೊಳ್ಳುವವನು ಎಂಬ ಕಾಲ ಅದು. ಆ ಪ್ರಜೆಯನ್ನು ಹಕ್ಕುಳ್ಳ ಪೌರನನ್ನಾಗಿ ಮಾಡಿದ ಕೆಲಸದಲ್ಲಿ ಹಲವು ಮಹನೀಯರ ಶ್ರಮವಿದೆ. ಅವರಲ್ಲಿ ಒಬ್ಬರು ನಮ್ಮ ಕರಾವಳಿಯ ಮಗ, ಸರ್ ಬೆನಗಲ್ ನರಸಿಂಗರಾಯರು. ದೊಡ್ಡವರ ಬಾಯಲ್ಲಿ ಬಿ. ಎನ್. ರಾವ್. ಹೆಸರು ಕೇಳಿದವರು ಬಹಳ ಮಂದಿ. ಅವರು ಮಾಡಿದ್ದೇನು ಎಂದು ಬಲ್ಲವರು ಕಡಿಮೆ. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೆಂದು ತೋರಿ ಈ ನಾಲ್ಕು ಮಾತು.

ಬಾಲ್ಯ ಮತ್ತು ವಿದ್ಯೆ

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ಬೆನಗಲ್ ರಾಘವೇಂದ್ರರಾಯರು ವೈದ್ಯರು. ಮನೆಯಲ್ಲಿ ಓದಿಗೆ ಮೊದಲ ಮರ್ಯಾದೆ. ತಮ್ಮಂದಿರಲ್ಲಿ ಒಬ್ಬರಾದ ರಾಮರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಇನ್ನೊಬ್ಬರಾದ ಶಿವರಾಯರು ಹೆಸರಾಂತ ಪತ್ರಕರ್ತರು, ಪಾರ್ಲಿಮೆಂಟ್ ಸದಸ್ಯರೂ ಆಗಿದ್ದವರು. ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆ ಮುಗಿಸಿ ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು.

ಬ್ರಿಟಿಷ್ ಸರಕಾರದ ನೌಕರಿಯಲ್ಲಿ ರಾಯರು ಹಿಡಿದ ದಾರಿ ಕಾನೂನಿನದು. ಜಿಲ್ಲಾ ನ್ಯಾಯಾಧೀಶರಾದರು, ಅಸ್ಸಾಮಿನಲ್ಲಿ ಕಾನೂನು ಇಲಾಖೆ ನೋಡಿಕೊಂಡರು, 1935ರ ಕಾಯಿದೆ ಬಂದಾಗ ದೇಶದ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸಿ ತಿದ್ದುವ ಕೆಲಸ ಮಾಡಿದರು. ಆ ಬಳಿಕ ಕಲಕತ್ತೆಯ ಹೈಕೋರ್ಟಿನ ನ್ಯಾಯಮೂರ್ತಿಗಳೂ ಆದರು. ನಿವೃತ್ತಿಯ ಮೇಲೆ 1944ರಿಂದ 45ರ ತನಕ ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದು, ಮಹಾರಾಜರೊಡನೆ ಹೊಂದಾಣಿಕೆಯಾಗದೆ ಆ ಹುದ್ದೆ ಬಿಟ್ಟರು.

ಹೆಣ್ಣುಮಕ್ಕಳ ಪಾಲು

ನಮ್ಮ ಊರುಗಳಲ್ಲಿ ಇಂದಿಗೂ ಆಸ್ತಿ ಪಾಲಾಗುವಾಗ ಹೆಣ್ಣುಮಕ್ಕಳ ಸಹಿ ಬೇಕು ಅಂತ ತಹಸೀಲ್ದಾರರ ಕಛೇರಿಯಲ್ಲಿ ಹೇಳುತ್ತಾರೆ. ಅದರ ಹಿಂದೆಯೂ ರಾಯರ ದುಡಿಮೆ ಇದೆ. ಹಿಂದೂ ಸ್ತ್ರೀಯರ ಆಸ್ತಿ ಹಕ್ಕನ್ನು ಪರಿಶೀಲಿಸಲು 1941ರಲ್ಲಿ ಸರಕಾರ ಒಂದು ಸಮಿತಿ ಮಾಡಿತು. ಅದಕ್ಕೆ ಅಧ್ಯಕ್ಷರು ರಾಯರೇ. ತೇಪೆ ಹಾಕಿದರೆ ಸಾಲದು, ಇಡೀ ಕಾನೂನನ್ನೇ ಒಂದು ಕಡೆ ಕ್ರಮವಾಗಿ ಬರೆಯಬೇಕು ಎಂಬುದು ಸಮಿತಿಯ ಅಭಿಪ್ರಾಯ. 1944ರಲ್ಲಿ ಸಮಿತಿಗೆ ಮತ್ತೆ ಜೀವ ಬಂತು. ಕರಡು ತಯಾರಿಸಿ, ಊರೂರು ತಿರುಗಿ, ಪಂಡಿತರನ್ನೂ ವಕೀಲರನ್ನೂ ಮಹಿಳಾ ಸಂಘದವರನ್ನೂ ಕೇಳಿದರು. ವಿರೋಧ ಕಡಿಮೆ ಇರಲಿಲ್ಲ. ಕೊನೆಗೆ ಕಾನೂನು ಬಂದದ್ದು 1955–56ರಲ್ಲಿ. ಅಷ್ಟರಲ್ಲಿ ರಾಯರು ತೀರಿಕೊಂಡಿದ್ದರು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಸಿಗಲು ಇನ್ನೂ ಕಾಯಬೇಕಾಯಿತು. ನಮ್ಮ ರಾಜ್ಯದಲ್ಲಿ 1994ರಲ್ಲಿ ತಿದ್ದುಪಡಿ ಆಯಿತು, ಇಡೀ ದೇಶಕ್ಕೆ 2005ರಲ್ಲಿ.

ಸಂಬಳವಿಲ್ಲದ ದೊಡ್ಡ ಕೆಲಸ

1946ರಲ್ಲಿ ಸಂವಿಧಾನ ಸಭೆಗೆ ಸಲಹೆಗಾರರೊಬ್ಬರು ಬೇಕಾದಾಗ ರಾಯರನ್ನು ಕರೆದರು. ರಾಯರು ಒಪ್ಪಿದರು, ಆದರೆ ಸಂಬಳ ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಂಗತಿ ಗಮನಿಸಿ. ಅವರು ಸಭೆಯ ಸದಸ್ಯರಲ್ಲ. ಅಲ್ಲಿ ಅವರಿಗೆ ಭಾಷಣವೂ ಇಲ್ಲ, ಮತವೂ ಇಲ್ಲ. ಕೋಟ್ಯಂತರ ಜನರಿಗೆ ಮತದ ಹಕ್ಕು ಬರೆದವರಿಗೆ ಆ ಸಭೆಯಲ್ಲಿ ಮತವಿರಲಿಲ್ಲ. ಯಾವ ದೇಶದಲ್ಲಿ ಯಾವ ಪದ್ಧತಿ ಇದೆ, ನಮಗೆ ಯಾವುದು ಹೊಂದುತ್ತದೆ ಎಂದು ಟಿಪ್ಪಣಿ ಬರೆದು ಸದಸ್ಯರ ಕೈಗೆ ಕೊಡುವುದು ಅವರ ಕೆಲಸ. ಕೋರ್ಟಿಗೆ ಹೋಗಿ ಪಡೆಯಬಹುದಾದ ಹಕ್ಕುಗಳು ಒಂದು ಕಡೆ, ಸರಕಾರ ನಡೆಯಬೇಕಾದ ದಾರಿ ತೋರಿಸುವ ತತ್ವಗಳು ಇನ್ನೊಂದು ಕಡೆ ಎಂದು ಭಾಗ ಮಾಡುವ ಯೋಚನೆಯನ್ನು ಐರ್ಲೆಂಡಿನ ಸಂವಿಧಾನ ನೋಡಿ ಅವರು ಮುಂದಿಟ್ಟರು.

1947ರ ಅಕ್ಟೋಬರಿನಲ್ಲಿ ಸುಮಾರು 240 ವಿಧಿಗಳ ಮೊದಲ ಕರಡು ಅವರ ಕೈಯಿಂದ ಸಿದ್ಧವಾಯಿತು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡು, ಒಂದೊಂದು ವಿಧಿಯನ್ನೂ ಚರ್ಚಿಸಿ, ತಿದ್ದಿ, ಬೆಳೆಸಿತು. ಕೊನೆಗೆ ಆದದ್ದು 395 ವಿಧಿ, 8 ಪರಿಶಿಷ್ಟ. ಸಭೆಯಲ್ಲಿ ಅದನ್ನು ಹೊತ್ತು ನಡೆಸಿದ ಕೀರ್ತಿ ಅಂಬೇಡ್ಕರರದು. ಆದರೂ ಅವರು ತಮ್ಮ ಕೊನೆಯ ಭಾಷಣದಲ್ಲಿ ಈ ಕೀರ್ತಿಯ ಒಂದು ಪಾಲು ನರಸಿಂಗರಾಯರದ್ದು ಎಂದು ತುಂಬು ಮನಸ್ಸಿನಿಂದ ಹೇಳಿದರು. ದೊಡ್ಡವರ ದೊಡ್ಡತನ ಅಂದರೆ ಇದು.

ರಾಯರ ಎಲ್ಲ ಸಲಹೆಯೂ ಚರ್ಚೆಗೆ ಹೊರತಾಗಿರಲಿಲ್ಲ. ಒಬ್ಬನನ್ನು ಬಂಧಿಸಿದರೆ ಆ ಕಾನೂನೇ ನ್ಯಾಯವೋ ಅಲ್ಲವೋ ಎಂದು ಕೋರ್ಟು ನೋಡಬಹುದೇ, ಅಥವಾ ಕಾನೂನಿನ ಪ್ರಕಾರ ನಡೆಯಿತೇ ಎಂದಷ್ಟೇ ನೋಡಬೇಕೇ ಎಂಬ ಪ್ರಶ್ನೆ ಬಂತು. ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳನ್ನು ಕಂಡು ಬಂದ ರಾಯರು ಎರಡನೆಯದೇ ಸರಿ ಎಂದರು. ಕೋರ್ಟಿಗೆ ಹೆಚ್ಚು ಅಧಿಕಾರ ಕೊಟ್ಟರೆ ಗೇಣಿ ಸುಧಾರಣೆ, ಬಡವರ ಹಿತದ ಕಾನೂನುಗಳೆಲ್ಲ ಬಿದ್ದು ಹೋಗಬಹುದು ಎಂಬ ಅಳುಕು ಅವರದು. ಇದರಿಂದ ಪೌರರ ಸ್ವಾತಂತ್ರ್ಯಕ್ಕೆ ಕಾವಲು ಕಡಿಮೆಯಾಯಿತು ಎಂದು ಸಭೆಯಲ್ಲಿ ಹಲವರು ಆಕ್ಷೇಪಿಸಿದರು. ಆಗ 22ನೇ ವಿಧಿ ಸೇರಿತು. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುನ್ನೆಚ್ಚರಿಕೆ ಬಂಧನಕ್ಕೆ ಮಾತ್ರ ಬೇರೆ ನಿಯಮ. 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬರಿಯ ಕಾನೂನು ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಎಂದಿತು. ರಾಯರು ಮುಚ್ಚಿದ ಬಾಗಿಲನ್ನು ಕಾಲ ಹೀಗೆ ತೆರೆಯಿತು.

ಪಟ್ಟಿಯಲ್ಲಿ ಹೆಸರು

ಕಾಗದದ ಮೇಲೆ ಹಕ್ಕು ಬರೆದರೆ ಸಾಕೇ? ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಮತವೆಲ್ಲಿ? ಅದಕ್ಕಾಗಿ ಸಂವಿಧಾನ ಮುಗಿಯುವ ಮೊದಲೇ, 1947ರ ಕೊನೆಯಿಂದಲೇ, ರಾಯರ ಮಾರ್ಗದರ್ಶನದಲ್ಲಿದ್ದ ಸಭೆಯ ಕಾರ್ಯಾಲಯ ಪಟ್ಟಿ ಮಾಡುವ ಕೆಲಸಕ್ಕೆ ಕೈ ಹಾಕಿತು. ದೇಶ ಒಡೆದು ಲಕ್ಷಾಂತರ ಜನ ಮನೆ ಮಠ ಬಿಟ್ಟು ಬಂದಿದ್ದ ಹೊತ್ತು ಅದು. ನಿರಾಶ್ರಿತರಿಗೆ ಇಂತಿಷ್ಟು ದಿನ ವಾಸವಿರಬೇಕೆಂಬ ನಿಯಮ ತೊಡಕಾಯಿತು. ಇಲ್ಲೇ ಕಾಯಂ ಇರುತ್ತೇನೆ ಎಂದು ಬರೆದುಕೊಟ್ಟರೆ ಹೆಸರು ಸೇರಿಸಿ ಎಂದು ಕಾರ್ಯಾಲಯ ತಿಳಿಸಿತು. ಇನ್ನೊಂದು ತೊಡಕು ಹೆಂಗಸರದು. ಹಲವು ಕಡೆ ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಮೊದಲ ಚುನಾವಣೆಯಲ್ಲಿ ಮತ ಹಾಕಲಾಗಲಿಲ್ಲ. ಹಾಗಿದ್ದೂ 1951–52ರಲ್ಲಿ 17 ಕೋಟಿಗೂ ಹೆಚ್ಚು ಮತದಾರರು ಪಟ್ಟಿಯಲ್ಲಿದ್ದರು.

ಇನ್ನೊಂದು ವಿಚಾರ ಹಲವರಿಗೆ ಗೊತ್ತಿಲ್ಲ. ಸಂವಿಧಾನ ಪೂರ್ತಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಪೌರತ್ವದ 5ರಿಂದ 9ರವರೆಗಿನ ವಿಧಿಗಳೂ ಚುನಾವಣಾ ಆಯೋಗದ ವಿಧಿಯೂ ಅಂಗೀಕಾರವಾದ ದಿನವೇ, ಅಂದರೆ 1949ರ ನವೆಂಬರ್ 26ರಂದೇ ಜಾರಿಯಾದವು. ಮೊದಲು ಪೌರ ಯಾರು ಎಂದು ಗೊತ್ತಾಗಬೇಕು, ಆಮೇಲೆ ಉಳಿದದ್ದು. ಸಂಘಕ್ಕೆ ಮೊದಲು ಸದಸ್ಯರ ಪಟ್ಟಿ ಬೇಕಲ್ಲ, ಹಾಗೆ.

ಕೊನೆಯ ದಿನಗಳು

ಆ ಬಳಿಕ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಮರುವರ್ಷವೇ, 1953ರ ನವೆಂಬರ್ 30ರಂದು, ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಆಗ ವಯಸ್ಸು 66.

ನಮಗೆ ಉಳಿದ ಪಾಠ

ಪೌರರ ಮೂಲಭೂತ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ. ಆಗ ಹತ್ತು, 2002ರಲ್ಲಿ ಮಕ್ಕಳನ್ನು ಓದಿಸುವುದು ಸೇರಿ ಹನ್ನೊಂದಾದವು. ರಾಯರ ಕರಡಿನಲ್ಲಿ ಅಂಥ ಪಟ್ಟಿ ಇರಲಿಲ್ಲ. ಆದರೆ ಕರ್ತವ್ಯ ಅಂದರೇನು ಎಂದು ಅವರು ಸಂಬಳವಿಲ್ಲದೆ ದುಡಿದು ತೋರಿಸಿದರು. ಸಹಕಾರ ಸಂಘ ಕಟ್ಟಿಕೊಳ್ಳುವುದೂ 2012ರಲ್ಲಿ ಜಾರಿಯಾದ 97ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿದೆ. ಆದರೆ ಮಹಾಸಭೆಯ ದಿನ ಚಾ ತಿಂಡಿ ಮುಗಿಸಿ, ಲೆಕ್ಕಪತ್ರ ಓದುವ ಹೊತ್ತಿಗೆ ಎದ್ದು ಹೋದರೆ ಆ ಹಕ್ಕು ಯಾರಿಗೆ ಪ್ರಯೋಜನ? ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರಿದೆಯೇ, ಮನೆಯ ಹೆಣ್ಣುಮಕ್ಕಳ ಹೆಸರಿದೆಯೇ, ಹದಿನೆಂಟು ತುಂಬಿದ ಮಕ್ಕಳ ಹೆಸರು ಸೇರಿತೇ ಎಂದು ನೋಡುವುದೂ ನಮ್ಮದೇ ಕೆಲಸ. ಬರೆಯುವವರು ಬರೆದುಕೊಟ್ಟು ಹೋಗಿದ್ದಾರೆ. ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ನರಸಿಂಗರಾಯರ ಚೇತನಕ್ಕೆ ನಮ್ಮೆಲ್ಲರ ನಮನಗಳು.